ಪೇಟೆ ಬೀದಿ ರಾತ್ರಿಯ ತಂಗುದಾಣವಲ್ಲ

ಚಿತ್ರದುರ್ಗದ ಬಿ.ಡಿ. ರಸ್ತೆ ಎಂದರೆ ಬೆಂಗಳೂರು–ದಾವಣಗೆರೆ ರಸ್ತೆ. ಹೆದ್ದಾರಿ ಊರ ಹೊರಗೆ ಸರಿದ ಮೇಲೂ ಹಳೆಯ ಹೆಸರಿನಂತೆಯೇ ಹಳೆಯ ದಟ್ಟಣೆಯೂ ಉಳಿದಿದೆ. ಹಗಲಿನ ವಾಹನ ನಿಲುಗಡೆಯ ಬಗ್ಗೆ ಆಗಾಗ ಚರ್ಚೆ ನಡೆಯುವುದುಂಟು. ಆದರೆ ಅಂಗಡಿಗಳು ಬಾಗಿಲು ಹಾಕಿದ ನಂತರ ಏನಾಗುತ್ತದೆ ಎಂಬುದನ್ನು ಗಮನಿಸುವವರು ಕಡಿಮೆ. ಸಂತೇಪೇಟೆ, ಲಕ್ಷ್ಮೀಬಜಾರಿನಂತಹ ಇಕ್ಕಟ್ಟಾದ ಬೀದಿಗಳಲ್ಲಿ ಕಾರು, ಗೂಡ್ಸ್ ಆಟೊ, ಮಿನಿ ಲಾರಿಗಳು ಬೆಳಗಾಗುವವರೆಗೂ ಬೀಡುಬಿಡುತ್ತವೆ. ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಯ ಪೇಟೆಗಳಲ್ಲಿಯೂ ಪರಿಸ್ಥಿತಿ ಭಿನ್ನವಾಗಿಲ್ಲ. ಇದಕ್ಕೊಂದು ನಿಯಮ ರೂಪಿಸುವ ಕಾಲ ಬಂದಿದೆ.

ರಾತ್ರಿ ರಸ್ತೆ ಖಾಲಿ ಇರುತ್ತದೆ, ವಾಹನ ನಿಂತರೆ ಯಾರಿಗೇನು ನಷ್ಟ ಎಂಬ ವಾದ ಮೇಲ್ನೋಟಕ್ಕೆ ಸರಿ ಎನಿಸಬಹುದು. ಆದರೆ ಪೇಟೆಯ ಕಸ ಗುಡಿಸುವುದು, ಚರಂಡಿಯ ಹೂಳು ತೆಗೆಯುವುದು ನಸುಕಿನಲ್ಲಿಯೇ. ಸಾಲಾಗಿ ನಿಂತ ವಾಹನಗಳ ಅಡಿಗೆ ಪೌರಕಾರ್ಮಿಕರ ಪೊರಕೆ ತಲುಪುವುದಿಲ್ಲ. ಮಳೆ ಬಂದಾಗ ಚರಂಡಿ ಉಕ್ಕಿದರೆ ಬೈಗುಳ ಕೇಳುವವರು ಮಾತ್ರ ಅವರೇ. ಮಳಿಗೆಗಳ ಮೇಲಂತಸ್ತಿನಲ್ಲಿ ಸಂಸಾರಗಳಿರುವ ಬೀದಿಗಳಲ್ಲಿ ನಡುರಾತ್ರಿ ಬೆಂಕಿ ಹೊತ್ತಿಕೊಂಡರೆ ಅಗ್ನಿಶಾಮಕ ವಾಹನ ಒಳಹೋಗುವ ದಾರಿ ಯಾವುದು? ಹೆರಿಗೆ ನೋವಿನ ಹೆಣ್ಣುಮಗಳನ್ನು ಕರೆದೊಯ್ಯಲು ಬಂದ ಆಂಬುಲೆನ್ಸ್ ಬೀದಿಯ ತುದಿಯಲ್ಲಿಯೇ ನಿಲ್ಲಬೇಕೇ? ಇಂತಹ ಪ್ರಶ್ನೆಗಳಿಗೆ ಅನಾಹುತ ಸಂಭವಿಸಿದ ಮೇಲೆ ಉತ್ತರ ಹುಡುಕುವುದು ವಿವೇಕವಲ್ಲ.

ಕಾನೂನಿನ ಕೊರತೆಯಂತೂ ಇಲ್ಲ. ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ನಿಲುಗಡೆ ಸ್ಥಳ ಹಾಗೂ ಅವಧಿ ಗೊತ್ತುಪಡಿಸಲು 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಂ ಅವಕಾಶ ನೀಡುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ವಾರಸುದಾರರಿಲ್ಲದೆ ಬಿಟ್ಟ ವಾಹನವನ್ನು ತೆರವುಗೊಳಿಸಲು 127ನೇ ಕಲಂ ಪೊಲೀಸರಿಗೆ ಅಧಿಕಾರ ಕೊಟ್ಟಿದೆ. ಜಪಾನಿನಲ್ಲಿ ವಾಹನ ಇಡಲು ಸ್ವಂತ ಜಾಗವಿರಬೇಕೆಂಬ ಕಾನೂನು 1962ರಲ್ಲಿಯೇ ಬಂತು. ರಾತ್ರಿ ಎಂಟು ಗಂಟೆಗಿಂತ ಹೆಚ್ಚು ಹೊತ್ತು ರಸ್ತೆಯಲ್ಲಿ ವಾಹನ ಬಿಡುವುದು ಅಲ್ಲಿ ಅಪರಾಧ.

ಹಾಗೆಂದು ಇದ್ದಕ್ಕಿದ್ದಂತೆ ವಾಹನಗಳನ್ನು ಎಳೆದೊಯ್ಯಲು ಹೊರಡುವುದು ಸರಿಯಲ್ಲ. ಬೆಂಗಳೂರಿನಲ್ಲಿ ಟೋಯಿಂಗ್ ವ್ಯವಸ್ಥೆಯನ್ನು ಸಾರ್ವಜನಿಕರ ಆಕ್ರೋಶದ ನಂತರ 2022ರ ಫೆಬ್ರುವರಿಯಲ್ಲಿ ಸ್ಥಗಿತಗೊಳಿಸಬೇಕಾಯಿತು ಎಂಬುದನ್ನು ಮರೆಯಲಾಗದು. ವಠಾರದ ಮನೆಯಲ್ಲಿರುವ ಗೂಡ್ಸ್ ಆಟೊ ಚಾಲಕನಿಗೆ ಅವನ ವಾಹನವೇ ಅನ್ನದ ಬಟ್ಟಲು. ಅದನ್ನು ಬೇರೆಡೆ ಎಲ್ಲಿ ಇಡಬೇಕೆಂದು ಹೇಳದೆ ದಂಡ ವಿಧಿಸುವುದು ಅನ್ಯಾಯ. ಹಗಲು ಜಾಗ ಸಿಗದೆ ರಾತ್ರಿಯೇ ಸರಕು ಇಳಿಸುವ ವರ್ತಕರ ಕಷ್ಟವೂ ನಿಜವೇ. ಆದರೆ ಸರಕು ಇಳಿಸುವುದು ಬೇರೆ, ಇಳಿಸಿದ ಲಾರಿಯನ್ನು ಅಲ್ಲಿಯೇ ಬಿಟ್ಟು ಹೋಗುವುದು ಬೇರೆ.

ಆದ್ದರಿಂದ ನಿರ್ಬಂಧ ಎಲ್ಲ ರಸ್ತೆಗಳಿಗೂ ಬೇಡ. ಮುಖ್ಯ ಪೇಟೆ ಬೀದಿಗಳಲ್ಲಿ ಮಾತ್ರ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಜಾರಿಯಾಗಲಿ. ಸರಕು ಇಳಿಸಲು ನಿಗದಿತ ಅವಧಿಯ ವಿನಾಯಿತಿ ಇರಲಿ. ಸ್ಥಳೀಯ ಸಂಸ್ಥೆಗಳ ಖಾಲಿ ನಿವೇಶನ ಹಾಗೂ ಮಾರುಕಟ್ಟೆ ಪ್ರಾಂಗಣಗಳಲ್ಲಿ ದೀಪ, ಕಾವಲುಗಾರರ ವ್ಯವಸ್ಥೆಯೊಂದಿಗೆ ಅಲ್ಪ ಶುಲ್ಕದ ರಾತ್ರಿ ನಿಲುಗಡೆ ಮೊದಲು ಸಿದ್ಧವಾಗಲಿ. ಫಲಕ ಮತ್ತು ದಂಡ ಆಮೇಲೆ ಬರಲಿ. ವಾಹನ ನಿಲುಗಡೆಗೆಂದು ನಕ್ಷೆಯಲ್ಲಿ ತೋರಿಸಿ ನಂತರ ಮಳಿಗೆಯಾಗಿ ಬಾಡಿಗೆಗೆ ಕೊಟ್ಟ ನೆಲಮಾಳಿಗೆಗಳನ್ನು ತೆರವುಗೊಳಿಸದೆ ಬಡ ಚಾಲಕನ ಮೇಲಷ್ಟೇ ನಿಯಮ ಹೇರಿದರೆ ಅದಕ್ಕೆ ನೈತಿಕ ಬಲವಿರುವುದಿಲ್ಲ.

ಮನೆಯಂಗಳದಲ್ಲಿ ಒಂದು ಅಡಿ ಜಾಗವನ್ನೂ ಬಿಡದೆ ಮನೆ ಕಟ್ಟಿ, ಸಾಲ ಮಾಡಿ ಕಾರು ಕೊಂಡು, ಅದನ್ನು ಪುಕ್ಕಟೆಯಾಗಿ ರಸ್ತೆಯಲ್ಲಿ ನಿಲ್ಲಿಸುವ ನಾವೂ ಆತ್ಮಾವಲೋಕನ ಮಾಡಿಕೊಳ್ಳಬೇಕು. ರಸ್ತೆ ಎಲ್ಲರ ಆಸ್ತಿ, ಕಾರಿರುವವರಿಗಷ್ಟೇ ಸೇರಿದ್ದಲ್ಲ. ಜಿಲ್ಲಾಡಳಿತ, ಪೊಲೀಸರು ಮತ್ತು ಸ್ಥಳೀಯ ಸಂಸ್ಥೆಗಳು ವರ್ತಕರು, ಚಾಲಕರು ಹಾಗೂ ಪೌರಕಾರ್ಮಿಕರನ್ನು ಒಟ್ಟಿಗೆ ಕೂರಿಸಿ ಈ ಕೆಲಸಕ್ಕೆ ಚಾಲನೆ ನೀಡಬೇಕು.