ಹಳೆಯ ಪಿಕಪ್ ಗಾಡಿಯ ಬ್ರೇಕು

ಘಟ್ಟದ ಮೇಲಿನಿಂದ ಒಣಹುಲ್ಲನ್ನೋ ಗೊಬ್ಬರವನ್ನೋ ಹೇರಿಕೊಂಡು ಬಾಳೆಬರೆ ಘಾಟಿಯನ್ನಿಳಿದು ತಲ್ಲೂರಿಗೆ ಬರುವ ಹಳೆಯ ಪಿಕಪ್ ಗಾಡಿಗೆ ಇಂಜಿನಿನ ಬಲಕ್ಕಿಂತಲೂ ಬ್ರೇಕಿನ ಬಲವೇ ಮುಖ್ಯವಾದುದು. ಆದರೆ ಬ್ರೇಕು ಸೋತಿತೆಂದು ಕಂಡೊಡನೆ ಡ್ರಮ್ಮನ್ನು ತೆಗೆಯಿಸಿ ಡಿಸ್ಕನ್ನು ಹಾಕಿಸಲೆಳಸುವುದು ಯುಕ್ತವಲ್ಲ.

ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಡಾಟ್ 3 ದರ್ಜೆಯ ಹೊಸ ಎಣ್ಣೆಯು 205 ಡಿಗ್ರಿ ಸೆಲ್ಸಿಯಸ್ ಕಾವಿನವರೆಗೂ ಕುದಿಯದು. ತೇವ ಹೀರಿದ ಬಳಿಕ 140ಕ್ಕೇ ಕುದಿಯಬಹುದು. ಇಳಿಜಾರಿನಲ್ಲಿ ಎಡೆಬಿಡದೆ ಬ್ರೇಕನ್ನೊತ್ತಿ ಕಾವೇರಿದಾಗ ಕೊಳವೆಯೊಳಗೆ ಆವಿಯುಂಟಾಗಿ, ಪೆಡಲನ್ನು ಎಷ್ಟು ತುಳಿದರೂ ಗಾಡಿಯು ನಿಲ್ಲದು. ಎಣ್ಣೆಯು ಕೆಟ್ಟಿರಲು ಡಿಸ್ಕಿನಿಂದಲೂ ಪ್ರಯೋಜನವಿಲ್ಲ.

ಆದುದರಿಂದ ಎರಡು ವರ್ಷಗಳಿಗೊಮ್ಮೆಯಾದರೂ ಮಳೆಗಾಲಕ್ಕೆ ಮುಂಚಿತವಾಗಿ ಎಣ್ಣೆಯನ್ನು ಬದಲಾಯಿಸತಕ್ಕದ್ದು. ತುಕ್ಕು ಹಿಡಿದ ಕೊಳವೆ, ಸೋರುವ ಸಿಲಿಂಡರು, ಸವೆದ ಲೈನರುಗಳನ್ನು ಹೊಸತು ಮಾಡಿಸತಕ್ಕದ್ದು. ಇಳಿಯುವಾಗ ಕೆಳಗಿನ ಗೇರಿನಲ್ಲಿಯೇ ಗಾಡಿಯನ್ನು ನಡೆಯಿಸತಕ್ಕದ್ದು. ಇವೆಲ್ಲವೂ ಆದ ಮೇಲೆ ಡಿಸ್ಕು ಬೇಕೆನಿಸಿದಲ್ಲಿ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು. ವಾಹನದ ಮಾರ್ಪಾಟಿಗೆ 1988ರ ಮೋಟಾರು ವಾಹನ ಕಾಯಿದೆಯು ಮಿತಿಯನ್ನು ವಿಧಿಸಿರುವುದು.

ಮಿತಿಮೀರಿ ಹೇರು ಹೇರಿಸಿ ಬ್ರೇಕನ್ನು ದೂರುವುದು ನ್ಯಾಯವಲ್ಲ. ಘಾಟಿಯಲ್ಲಿ ಗಾಡಿ ನಡೆಯಿಸುವವನು ಹೆಚ್ಚಾಗಿ ಮತ್ತೊಂದು ಮನೆಯ ಮಗನು. ಅವನ ಪ್ರಾಣದ ಹೊಣೆಯು ಗಾಡಿಯ ಯಜಮಾನರದು.