ಸಂಕಲ್ಪಕ್ಕೊಂದು ಗೂಟ



ಯುಗಾದಿ ಬಂದಿತು. ಬೇವು-ಬೆಲ್ಲ ಬಾಯಿಗೆ ಬೀಳುವ ಮುನ್ನವೇ ನಮ್ಮಂಥವರ ಮನಸ್ಸಿನಲ್ಲಿ ಸಂಕಲ್ಪಗಳು ಚಿಗುರತೊಡಗುತ್ತವೆ. ಮಾವು ಚಿಗುರಿದರೆ ಮುಂದೆ ಕಾಯಿ ಬಿಡುತ್ತದೆ. ನನ್ನ ಸಂಕಲ್ಪಗಳು ಮಾತ್ರ ಇದುವರೆಗೆ ಚಿಗುರಿದ್ದೇ ಹೆಚ್ಚು, ಕಾಯಿ ಬಿಟ್ಟದ್ದು ಇಲ್ಲವೆನ್ನುವಷ್ಟು ಕಡಿಮೆ. ನನ್ನ ಹಳೆಯ ದಿನಚರಿ ಪುಸ್ತಕಗಳನ್ನು ತೆಗೆದು ನೋಡಿದರೆ ಮೂರು ವರ್ಷಗಳ ಮೊದಲ ಪುಟದಲ್ಲಿಯೂ ಒಂದೇ ಒಕ್ಕಣೆ: ಬೆಳಗ್ಗೆ ಐದಕ್ಕೆ ಏಳುವುದು, ಅರ್ಧ ತಾಸು ನಡೆಯುವುದು, ಮಗಳಿಗೆ ಕನ್ನಡ ಓದಲು ಕಲಿಸುವುದು. ಎರಡನೆಯ ಪುಟದಿಂದ ಹಾಲಿನವನ ಲೆಕ್ಕ.

ಮೊದಲೆರಡು ತಪ್ಪಿದ್ದರಿಂದಾದ ನಷ್ಟ ನನ್ನೊಬ್ಬನದೇ. ಮೂರನೆಯದು ಹಾಗಲ್ಲವೆಂಬುದು ಕಳೆದ ದಸರೆಯ ಹೊತ್ತಿಗೆ ನನಗೆ ತಿಳಿಯಿತು.

ಧಾರವಾಡದಲ್ಲಿರುವ ನಮ್ಮ ಅವ್ವನಿಗೆ ಎರಡು ವರ್ಷಗಳಿಂದ ಕಿವಿ ಮಂದವಾಗಿದೆ. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟದ್ದಾಯಿತು. ಅದು ಕಪಾಟಿನಲ್ಲಿ ಸುಖವಾಗಿದೆ. ಫೋನಿನಲ್ಲಿ ನಾವು ಕೂಗುವುದು ಇಲ್ಲಿ ಡೊಂಬಿವಲಿಯ ನಮ್ಮ ನೆರೆಹೊರೆಗೆಲ್ಲ ಕೇಳುತ್ತದೆ, ಅವಳೊಬ್ಬಳಿಗೆ ಕೇಳುವುದಿಲ್ಲ. ಆದ್ದರಿಂದ ಅವಳು ಮತ್ತೆ ಕಾಗದ ಬರೆಯತೊಡಗಿದ್ದಾಳೆ. ದಸರೆಯ ಮರುದಿನ ಬಂದ ಕಾಗದದ ಮೇಲೆ ನನ್ನ ಹೆಸರಿರಲಿಲ್ಲ; ನಾಲ್ಕನೆಯ ಇಯತ್ತೆಯಲ್ಲಿರುವ ಮೊಮ್ಮಗಳ ಹೆಸರಿತ್ತು. ಹುಡುಗಿ ಕುಣಿಯುತ್ತ ತೆರೆದಳು, ಒಂದು ಕ್ಷಣ ನೋಡಿದಳು, ತಂದು ನನ್ನ ತೊಡೆಯ ಮೇಲಿಟ್ಟಳು.

“ಅಪ್ಪಾ, ಅಜ್ಜಿ ಏನ ಬರದಾಳ ಓದಿ ಹೇಳು.”

ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ. ಶಾಲೆಯಲ್ಲಿ ಇಂಗ್ಲಿಷು, ಮರಾಠಿ. ಕನ್ನಡದ ಅಕ್ಷರ ಮಾತ್ರ ಅವಳಿಗೆ ಅಂಗಡಿಯ ಬೋರ್ಡಿನಲ್ಲಿಯೂ ಇಲ್ಲಿ ಕಾಣಸಿಗದು. ನಾನು ಓದಿ ಹೇಳಿದೆ. ಕೊನೆಯ ಸಾಲಿಗೆ ಬಂದಾಗ ಗಂಟಲು ಕಟ್ಟಿತು. “ಇದನ್ನು ನೀನೇ ಓದಬೇಕು, ನಿಮ್ಮಪ್ಪನ ಕಡೆ ಓದಿಸಬಾರದು” ಎಂದು ಅವ್ವ ಬರೆದಿದ್ದಳು. ಆ ಸಾಲನ್ನು ಮಾತ್ರ ನಾನು ಓದದೆ ಕಾಗದ ಮಡಿಸಿದೆ.

ಅಜ್ಜಿಗೆ ಮೊಮ್ಮಗಳ ದನಿ ಕೇಳುವುದಿಲ್ಲ, ಮೊಮ್ಮಗಳಿಗೆ ಅಜ್ಜಿಯ ಅಕ್ಷರ ತಿಳಿಯುವುದಿಲ್ಲ. ನಡುವೆ ನಾನೊಬ್ಬ ದುಭಾಷಿ, ಅದೂ ರಾತ್ರಿ ಎಂಟರ ಮೇಲೆ ಮಾತ್ರ ಸಿಗುವವನು. ಅಂದೇ ಘೋರ ಪ್ರತಿಜ್ಞೆ ಮಾಡಿದೆ: ದಿನಾಲು ರಾತ್ರಿ ಒಂದು ತಾಸು ಕನ್ನಡ. ನಾಲ್ಕು ದಿನ ನಡೆಯಿತು. ಐದನೆಯ ದಿನ ಲೋಕಲ್ ಗಾಡಿ ತಡವಾಗಿ ನಾನು ಮನೆ ಸೇರುವಷ್ಟರಲ್ಲಿ ಮಗು ಮಲಗಿತ್ತು. ಆರನೆಯ ದಿನ ನನಗೇ ತಲೆನೋವು. ಹನ್ನೊಂದನೆಯ ದಿನ ಅಂಕಲಿಪಿ ಹಳೆಯ ವರ್ತಮಾನಪತ್ರಗಳ ರಾಶಿಯ ಕೆಳಗೆ ಸಿಕ್ಕಿತು.

ನನಗೆ ಬುದ್ಧಿ ಬಂದದ್ದು ಕಚೇರಿಯಲ್ಲಿ. ಕಡತಗಳು ಬಹುಮಟ್ಟಿಗೆ ಗಣಕಯಂತ್ರಕ್ಕೆ ಹೋಗಿದ್ದರೂ ನಮ್ಮ ಶಾಖೆಯಲ್ಲಿ ಆವಕ-ಜಾವಕದ ದಪ್ಪ ರಿಜಿಸ್ಟರು ಇನ್ನೂ ಉಂಟು. ಅದನ್ನು ಬರೆಯುವ ಮರಾಠಿ ಹಿರಿಯರೊಬ್ಬರು ಇದ್ದಾರೆ. ಅವರ ಟಪಾಲು ಎಂದೂ ಬಾಕಿ ಉಳಿದದ್ದಿಲ್ಲ. ನಿಮ್ಮ ಮನೋನಿಗ್ರಹದ ಗುಟ್ಟೇನು ಎಂದು ಕೇಳಿದೆ. ಅವರು ನಕ್ಕುಬಿಟ್ಟರು. ಮನೋನಿಗ್ರಹವೂ ಇಲ್ಲ, ಮಣ್ಣೂ ಇಲ್ಲ. ನಿನ್ನೆ ಸಂಜೆಯ ಟಪಾಲು ನಮೂದಿಸದೆ ತಾನು ಬೆಳಗಿನ ಚಹಾ ಕುಡಿಯುವುದಿಲ್ಲ, ಚಹಾ ಮಾತ್ರ ತನಗೆ ಒಂದು ದಿನವೂ ತಪ್ಪುವುದಿಲ್ಲ, ಅಷ್ಟೇ ಎಂದರು.

ನೋಡಿರಿ, ಮರ್ಮ ಇಲ್ಲಿದೆ. ಅವರು ತಮ್ಮ ಕೆಲಸವನ್ನು ಹುಮ್ಮಸ್ಸಿಗೆ ಕಟ್ಟಿರಲಿಲ್ಲ, ಗಡಿಯಾರಕ್ಕೂ ಕಟ್ಟಿರಲಿಲ್ಲ. ಎಂದೂ ತಪ್ಪದ ಇನ್ನೊಂದು ಕೆಲಸಕ್ಕೆ ಕಟ್ಟಿದ್ದರು. ಗೂಟವಿದ್ದರೆ ತುಂಟ ಕರುವೂ ನಿಲ್ಲುತ್ತದೆ. ಗೂಟವಿಲ್ಲದಿದ್ದರೆ ಸಾಧು ಹಸುವೂ ಬೇರೆಯವರ ಹೊಲ ಹೊಗುತ್ತದೆ.

ಪಂಡಿತರ ಮಾತೂ ಇದಕ್ಕೆ ಹೊಂದುತ್ತದೆ. 2009ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯ ಮೇಲೆ ಮಾಡಿದ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಪ್ರತಿಯೊಬ್ಬರೂ ಒಂದೊಂದು ಹೊಸ ಕೆಲಸವನ್ನು ಆರಿಸಿಕೊಂಡು, ‘ಬೆಳಗಿನ ಉಪಾಹಾರವಾದ ಮೇಲೆ’ ಎಂಬಂತೆ ದಿನದ ಒಂದು ನಿಶ್ಚಿತ ಸಂದರ್ಭಕ್ಕೆ ಅದನ್ನು ಜೋಡಿಸಿ, ಹನ್ನೆರಡು ವಾರ ಮಾಡಬೇಕು. ಕೆಲಸ ತಾನಾಗಿಯೇ ನಡೆಯುವಂತಾಗಲು ಸಾಧಾರಣವಾಗಿ 66 ದಿನ ಬೇಕಾಯಿತು. ಒಬ್ಬರಿಗೆ 18 ದಿನವೇ ಸಾಕಾದರೆ ಇನ್ನೊಬ್ಬರ ಲೆಕ್ಕ 254ರವರೆಗೆ ಹೋಯಿತು. ನೀರು ಕುಡಿಯುವಂಥ ಸುಲಭದ್ದು ಬೇಗ, ವ್ಯಾಯಾಮದಂಥದು ತಡ. ಹನ್ನೊಂದನೆಯ ದಿನವೇ ಸೋತೆನೆಂದುಕೊಂಡ ನನಗೆ ಇದನ್ನು ಓದಿ ನಾಚಿಕೆಯಾಯಿತು.

ಬಿ.ಎ. ತರಗತಿಯಲ್ಲಿ ನಾನು ಓದಿದ ಮನಶ್ಶಾಸ್ತ್ರದಲ್ಲಿ ವಿಲಿಯಂ ಜೇಮ್ಸ್ ಎಂಬ ಅಮೆರಿಕದ ಪಂಡಿತನ ಹೆಸರಿತ್ತು. 1890ರ ತನ್ನ ದೊಡ್ಡ ಗ್ರಂಥದಲ್ಲಿ ಆತ ಅಭ್ಯಾಸಕ್ಕೇ ಒಂದು ಅಧ್ಯಾಯವನ್ನಿಟ್ಟಿದ್ದಾನೆ. ಹೊಸ ಅಭ್ಯಾಸ ಬೇರೂರುವವರೆಗೆ ಒಂದು ಸಲವೂ ತಪ್ಪಬಾರದೆಂಬುದು ಅವನ ಕಟ್ಟಪ್ಪಣೆ. ಲಂಡನ್ನಿನವರ ಪರೀಕ್ಷೆಯಲ್ಲಾದರೋ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಇವೆರಡರ ನಡುವೆ ಸಂಸಾರಿಗೆ ಒಗ್ಗುವ ಸೂತ್ರವೊಂದನ್ನು ನಾನು ಮಾಡಿಕೊಂಡಿದ್ದೇನೆ: ಒಂದು ದಿನ ತಪ್ಪಿದರೆ ಕ್ಷಮೆ, ಒಂದರ ಹಿಂದೊಂದು ಎರಡು ದಿನ ತಪ್ಪಕೂಡದು.

ಇಷ್ಟೆಲ್ಲ ತತ್ತ್ವವನ್ನು ಮನೆಯಲ್ಲಿ ವಿವರಿಸಿ, ನಮ್ಮ ಕನ್ನಡಕ್ಕೆ ಗೂಟ ಯಾವುದು ಎಂದು ಕೇಳಿದೆ. ಹೆಂಡತಿ ಪಲ್ಯ ಹೆಚ್ಚುತ್ತಿದ್ದವಳು ತಲೆ ಎತ್ತದೆಯೇ ಹೇಳಿದಳು:

“ಮುಂಜಾನೆ ಆಕೀ ಜಡಿ ಹಾಕೂದು ಒಂದು ದಿನಾನೂ ತಪ್ಪಿಲ್ಲ. ಆ ಹೊತ್ತಿನಾಗ ಓದಸ್ರಿ. ಜಡಿ ನನ್ನ ಕೈಯಾಗ ಇರತದ, ಎಲ್ಲಿ ಹೋಗ್ತಾಳ?”

ದೀಪಾವಳಿಯ ರಜೆ ಮುಗಿದು ಶಾಲೆ ತೆರೆದ ದಿನದಿಂದ ಹಾಗೆಯೇ ನಡೆಯಿತು. ಅವಳ ಕೈಯಲ್ಲಿ ಬಾಚಣಿಗೆ, ಮಗುವಿನ ತೊಡೆಯ ಮೇಲೆ ಪುಸ್ತಕ, ಎದುರಿಗೆ ನಾನು. ಒಂದು ತಾಸಿನ ಮಾತು ಬಿಟ್ಟೆವು. ಎರಡು ಜಡೆ ಮುಗಿಯುವಷ್ಟರಲ್ಲಿ ಐದು ಸಾಲು. ಜಡೆ ಹಾಕುವುದು ಆರೂಮುಕ್ಕಾಲಿಗೆ. ಆದ್ದರಿಂದ ನಾನು ಆರಕ್ಕೆ ಏಳಲೇಬೇಕಾಯಿತು. ಮೂರು ವರ್ಷದ ದಿನಚರಿಯಿಂದ ಆಗದ ಕೆಲಸ ಒಂದು ಬಾಚಣಿಗೆಯಿಂದ ಮುಕ್ಕಾಲು ಪಾಲು ಆಯಿತು!

ತೊಡಕುಗಳು ಬಾರದೆ ಇರಲಿಲ್ಲ. ‘ರ’ ಮತ್ತು ‘ಠ’ ಒಂದೇ ಎಂದು ವಾರಗಟ್ಟಲೆ ಜಗಳ. ಅರ್ಕಾವತ್ತು ಬಂದ ದಿನ ಹುಡುಗಿಗೆ ನಗುವೋ ನಗು: “ಸೂರ್ಯ ಅಂತ ಬರದ್ರ ಮರಾಠಿ ಒಳಗ ‘ರ’ ತಲಿ ಮ್ಯಾಲೆ ಕೂಡತದ, ಕನ್ನಡದಾಗ ಹಿಂದ ಹೋಗಿ ಕೂಡತದ!” ರವಿವಾರ ಎಣ್ಣೆಸ್ನಾನ, ಜಡೆ ಯಾವಾಗಲೋ, ಅಂದು ರಜೆ ಕೊಟ್ಟೆವು. ನಡುವೆ ಊರಲ್ಲಿ ಒಂದು ಮದುವೆ, ಮನೆಯಲ್ಲಿ ಒಂದು ಜ್ವರ. ಗೋಡೆಯ ಕ್ಯಾಲೆಂಡರಿನಲ್ಲಿ ಓದಿದ ದಿನಕ್ಕೆ ಕೆಂಪು ಗೆರೆ ಎಳೆಯುವ ಕೆಲಸವನ್ನು ಮಗಳಿಗೇ ಬಿಟ್ಟಿದ್ದೇನೆ. ರವಿವಾರ ಕಳೆದು ಉಳಿದ 100 ದಿನಗಳಲ್ಲಿ 14 ದಿನ ಗೆರೆಯಿಲ್ಲ. ಎರಡು ದಿನ ತಪ್ಪಬಾರದೆಂಬ ನನ್ನ ಸೂತ್ರವೂ ಜ್ವರದ ಮುಂದೆ ಮುರಿಯಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಜಡೆ ಇದ್ದೇ ಇತ್ತು. ಜ್ವರ ಬಿಟ್ಟ ಮುಂಜಾನೆ ಬಾಚಣಿಗೆ ಕಂಡೊಡನೆ ಅವಳೇ ಪುಸ್ತಕ ತಂದಳು.

ಬೆಂಜಮಿನ್ ಫ್ರಾಂಕ್ಲಿನ್ ತನ್ನ ಯೌವನದಲ್ಲಿ 13 ಸದ್ಗುಣಗಳ ಪಟ್ಟಿ ಮಾಡಿ, ವಾರಕ್ಕೊಂದರ ಮೇಲೆ ಮಾತ್ರ ಲಕ್ಷ್ಯವಿಟ್ಟು, ತಪ್ಪಿದಾಗಲೆಲ್ಲ ಚಿಕ್ಕ ಪುಸ್ತಕದಲ್ಲಿ ಕಪ್ಪು ಚುಕ್ಕೆ ಇಡುತ್ತಿದ್ದನೆಂದು ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾನೆ. ಅಚ್ಚುಕಟ್ಟುತನವೆಂಬ ಗುಣ ಅವನಿಗೆ ಕೊನೆಗೂ ಸರಿಯಾಗಿ ಒಲಿಯಲಿಲ್ಲ. ಆದರೂ ಪ್ರಯತ್ನದಿಂದ ತಾನು ಉತ್ತಮನೂ ಸುಖಿಯೂ ಆದೆನೆಂದು ಅವನ ಸಮಾಧಾನ. ಮೂರು ಸಂಕಲ್ಪಗಳನ್ನು ಒಟ್ಟಿಗೆ ಹೊತ್ತು ಮೂರನ್ನೂ ಕೆಡವಿದ ನನಗೆ ಇದು ಪಾಠ. ಅರ್ಧ ತಾಸಿನ ನಡಿಗೆ ಇನ್ನೂ ದಿನಚರಿಯಲ್ಲಿಯೇ ಇದೆ. ಅದರ ಸರದಿ ಬರುತ್ತದೆ. ಮೊದಲು ಅದಕ್ಕೊಂದು ಗೂಟ ಹುಡುಕಬೇಕು.

ಕಳೆದ ತಿಂಗಳು ಅವ್ವನ ಇನ್ನೊಂದು ಕಾಗದ ಬಂದಿತು. ಹುಡುಗಿ ಬೆರಳಿಟ್ಟುಕೊಂಡು ಓದಿದಳು. ಅಚ್ಚಿನ ಅಕ್ಷರಕ್ಕೂ ಅಜ್ಜಿಯ ಮೋಡಿಗೂ ಬಹಳ ಅಂತರ. ಅರ್ಧಕ್ಕೆ ದಣಿದು, ಉಳಿದದ್ದನ್ನು ನನ್ನ ಕೈಗೆ ಕೊಟ್ಟಳು. ಮರುದಿನ ತಾನೇ ನಾಲ್ಕು ಸಾಲಿನ ಉತ್ತರ ಬರೆದಳು. ಮೊದಲ ಸಾಲಿನಲ್ಲಿಯೇ ಒತ್ತು ಬಿಟ್ಟು ‘ಪ್ರೀತಿಯ ಅಜಿ’ ಎಂದಿತ್ತು. ತಿದ್ದಲೆಂದು ನನ್ನ ಕೈ ಮುಂದಾಯಿತು. ಹೆಂಡತಿ ಕಣ್ಣಿನಲ್ಲೇ ಬೇಡವೆಂದಳು. ಅವ್ವನ ಮರುತ್ತರ ಎಂಟು ದಿನಕ್ಕೆ ಬಂದಿತು. ಒತ್ತು ಬಿಟ್ಟರೂ ಅಜ್ಜಿ ಅಜ್ಜಿಯೇ, ಕಾಗದ ಮಾತ್ರ ಬಿಡಬೇಡ ಎಂದಿತ್ತು. ಆ ಸಾಲನ್ನು ಓದಿದವಳು ನನ್ನ ಮಗಳು.

ವಾಚಕರೆ, ಈ ಯುಗಾದಿಗೆ ನೀವೂ ಸಂಕಲ್ಪ ಮಾಡುವವರಿದ್ದರೆ ಒಂದೇ ಒಂದನ್ನು ಮಾಡಿರಿ. ನಗು ಬರುವಷ್ಟು ಚಿಕ್ಕದಾಗಿರಲಿ. ದೇವರ ದೀಪವೋ, ಕಾಫಿಯೋ, ಮಗುವಿನ ಜಡೆಯೋ, ನಿಮ್ಮ ಮನೆಯಲ್ಲಿ ಎಂದೂ ತಪ್ಪದ ಯಾವುದಾದರೊಂದಕ್ಕೆ ಅದನ್ನು ಕಟ್ಟಿರಿ. ನಮ್ಮ ಪತ್ರಿಕೆ ತ್ರೈಮಾಸಿಕ. ಮುಂದಿನ ಸಂಚಿಕೆ ನಿಮ್ಮ ಕೈಸೇರಲು ಸುಮಾರು ತೊಂಬತ್ತು ದಿನಗಳಿವೆ. ಲಂಡನ್ನಿನ 66ರ ಲೆಕ್ಕಕ್ಕೆ ಅದು ಸಾಕು, ಮೇಲೆ ಒಂದಿಷ್ಟು ಜ್ವರಕ್ಕೂ ಮದುವೆಗೂ ಉಳಿಯುತ್ತದೆ. ನಿಮ್ಮ ಗೂಟ ಯಾವುದೆಂದು ಒಂದು ಕಾಗದ ಬರೆದು ತಿಳಿಸಿರಿ. ಕನ್ನಡದಲ್ಲಿ, ಒತ್ತು ಬಿಟ್ಟರೂ ಚಿಂತೆಯಿಲ್ಲ.