ಡಾ. ರಷ್ ಗೆದ್ದ ಮೊಕದ್ದಮೆ

1799ರ ಡಿಸೆಂಬರ್ 14ರಂದು ಫಿಲಡೆಲ್ಫಿಯಾದ ನ್ಯಾಯಾಲಯದಲ್ಲಿ ಡಾ. ಬೆಂಜಮಿನ್ ರಷ್ ಗೆದ್ದರು. ಅವರ ಚಿಕಿತ್ಸೆಯೇ ರೋಗಿಗಳನ್ನು ಕೊಲ್ಲುತ್ತಿದೆ ಎಂದು ಬರೆದಿದ್ದ ಪತ್ರಕರ್ತ ವಿಲಿಯಂ ಕಾಬೆಟ್ 5,000 ಡಾಲರ್ ಕಕ್ಕಬೇಕಾಯಿತು. ಅದೇ ದಿನ ವರ್ಜೀನಿಯಾದಲ್ಲಿ ಜಾರ್ಜ್ ವಾಷಿಂಗ್ಟನ್ ಗಂಟಲು ಬೇನೆಯಿಂದ ತೀರಿಕೊಂಡರು. ಅದಕ್ಕೆ ಮುನ್ನ ವೈದ್ಯರು ಅವರ ಮೈಯಿಂದ ಎರಡು ಲೀಟರಿಗೂ ಹೆಚ್ಚು ರಕ್ತ ತೆಗೆದಿದ್ದರು. ರಷ್ ನ್ಯಾಯಾಲಯದಲ್ಲಿ ಮಾನ ಉಳಿಸಿಕೊಂಡದ್ದು ಇಂಥದೇ ಚಿಕಿತ್ಸೆಗೆ.

ಆ ತೀರ್ಪು ತಪ್ಪು.

ರಷ್ ಸಾಮಾನ್ಯ ವ್ಯಕ್ತಿಯಲ್ಲ. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ ಬಂದು, 30ರ ಹರೆಯದಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು. ಮುನಿಸಿಕೊಂಡು ದೂರವಾಗಿದ್ದ ಮಾಜಿ ಅಧ್ಯಕ್ಷರಾದ ಆಡಮ್ಸ್ ಮತ್ತು ಜೆಫರ್ಸನ್ ಮತ್ತೆ ಪತ್ರ ಬರೆದುಕೊಳ್ಳುವಂತೆ ಮಾಡಿದವರೂ ಅವರೇ. ಅಮೆರಿಕದ ಮನೋವೈದ್ಯರ ಸಂಘದ ಲಾಂಛನದಲ್ಲಿ ದಶಕಗಳ ಕಾಲ ಅವರ ಮುಖವಿತ್ತು.

1793ರಲ್ಲಿ ಫಿಲಡೆಲ್ಫಿಯಾಕ್ಕೆ ಹಳದಿ ಜ್ವರ ಬಡಿಯಿತು. ಸುಮಾರು 50,000 ಜನರ ಊರಿನಲ್ಲಿ 4,000ಕ್ಕೂ ಹೆಚ್ಚು ಮಂದಿ ಸತ್ತರು. ಉಳ್ಳವರು ಊರು ಬಿಟ್ಟರೂ ರಷ್ ಬಿಡಲಿಲ್ಲ. ಸ್ವಂತ ಸೋದರಿ ಸತ್ತರೂ ರೋಗಿಗಳ ಮನೆಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಆ ಧೈರ್ಯಕ್ಕೆ ಯಾರಾದರೂ ತಲೆಬಾಗಬೇಕು. ಆದರೆ ಅವರು ಕೊಟ್ಟದ್ದೇನು? ಹೊಟ್ಟೆ ತೊಳೆದುಹೋಗುವಷ್ಟು ಪಾದರಸದ ಭೇದಿ ಮದ್ದು, ಅದರ ಮೇಲೆ ದಿನದಿನವೂ ರಕ್ತ ತೆಗೆಯುವುದು. ತಮಗೂ ಜ್ವರ ಬಂದು ಇದೇ ಚಿಕಿತ್ಸೆ ಪಡೆದು ಬದುಕಿದ್ದನ್ನೇ ರಷ್ ಸಾಕ್ಷಿಯೆಂದು ನಂಬಿದರು.

ಕಪ್ಪು ಜನರಿಗೆ ಈ ಜ್ವರ ತಗಲದು ಎಂದೂ ಅವರು ನಂಬಿದ್ದರು. ಅವರ ಮಾತಿನ ಮೇಲೆ ಕಪ್ಪು ಸಮುದಾಯದ ನಾಯಕರಾದ ಅಬ್ಸಲೋಮ್ ಜೋನ್ಸ್, ರಿಚರ್ಡ್ ಆಲೆನ್ ತಮ್ಮ ಸಮುದಾಯದವರನ್ನು ಕರೆದುಕೊಂಡು ಆರೈಕೆಗೆ, ಹೆಣ ಹೂಳುವುದಕ್ಕೆ ಇಳಿದರು. ಅವರಲ್ಲೂ ಜನ ಸತ್ತರು. ಜ್ವರ ಇಳಿದ ಮೇಲೆ ಪ್ರಕಾಶಕ ಮ್ಯಾಥ್ಯೂ ಕೇರಿ ಆರೈಕೆ ಮಾಡಿದ ಕಪ್ಪು ಜನರ ಮೇಲೆಯೇ ಸುಲಿಗೆಯ ಆರೋಪ ಹೊರಿಸಿದರು. 1794ರಲ್ಲಿ ಜೋನ್ಸ್ ಮತ್ತು ಆಲೆನ್ ಕಿರುಹೊತ್ತಿಗೆ ಅಚ್ಚುಹಾಕಿಸಿ, ಖರ್ಚುವೆಚ್ಚದ ಲೆಕ್ಕ ಮುಂದಿಟ್ಟು ಉತ್ತರ ಕೊಟ್ಟರು.

ಕಾಲವೇ ಹಾಗಿತ್ತು, ಎಲ್ಲ ವೈದ್ಯರೂ ರಕ್ತ ತೆಗೆಯುತ್ತಿದ್ದರು ಎಂದು ರಷ್ ಪರ ವಾದಿಸುವವರಿದ್ದಾರೆ. ಈ ವಾದ ನಿಲ್ಲದು. ಅದೇ ಜ್ವರದಲ್ಲಿ, ಅದೇ ಊರಿನ ಬುಷ್ ಹಿಲ್ ಆಸ್ಪತ್ರೆಯಲ್ಲಿ ಫ್ರೆಂಚ್ ವೈದ್ಯ ಜಾನ್ ಡೆವೇಜ್ ವಿಶ್ರಾಂತಿ, ಪಾನೀಯ ಮತ್ತು ಸೌಮ್ಯ ಔಷಧಗಳನ್ನು ನೆಚ್ಚಿದ್ದರು. ಬೇರೆ ದಾರಿ ಕಣ್ಣೆದುರೇ ಇತ್ತು.

ಕಾಬೆಟ್ ಬಾಯಿ ಹೊಲಸು, ರಾಜಕೀಯ ದ್ವೇಷವೂ ಬೇಕಾದಷ್ಟಿತ್ತು. ಆದರೂ 1797ರಲ್ಲಿ ಜ್ವರ ಮರಳಿ ಬಂದಾಗ ಊರಿನ ಸಾವಿನ ಲೆಕ್ಕ ಹಿಡಿದು ಪ್ರಶ್ನೆ ಕೇಳಿದವರು ಅವರು. ಅದಕ್ಕೆ ರಷ್ ಲೆಕ್ಕದಿಂದಲೇ ಉತ್ತರಿಸಬೇಕಿತ್ತು. ಬದಲಿಗೆ ಮಾನನಷ್ಟ ಮೊಕದ್ದಮೆ ಹೂಡಿದರು. ಕಾಬೆಟ್‌ರ ಆಸ್ತಿ ಹರಾಜಾಯಿತು, 1800ರಲ್ಲಿ ಅವರು ಇಂಗ್ಲೆಂಡಿಗೆ ಮರಳಿದರು. ರಕ್ತ ತೆಗೆಯುವುದು ಮಾತ್ರ ಮುಂದೆ ಹಲವು ದಶಕ ನಡೆಯಿತು.

ರಷ್‌ರ ಸಹಿಗೆ ಸಲ್ಲುವ ಗೌರವ ಅವರ ಚಿಕಿತ್ಸೆಗೆ ಸಲ್ಲದು. ಅವರ ಜೀವನ ಬರೆಯುವವರು ಜೋನ್ಸ್, ಆಲೆನ್, ಡೆವೇಜ್ ಹೆಸರುಗಳನ್ನು ಅಡಿಟಿಪ್ಪಣಿಗೆ ತಳ್ಳದೆ ಅದೇ ಪುಟದಲ್ಲಿ ಬರೆಯಲಿ.